ಕೀಮೋ ಕುರಿತ ಒಂಬತ್ತು ವಿಡಿಯೊಗಳು: ಆರು ತಿಂಗಳ ಬಳಕೆಯ ನಂತರ ಒಂದು ವಿಮರ್ಶೆ

ನಮ್ಮ ತಾಯಿಯವರ ಸ್ತನ ಕ್ಯಾನ್ಸರ್ ಚಿಕಿತ್ಸೆಗಾಗಿ ನಾವು ಆರು ತಿಂಗಳ ಕಾಲ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಓಡಾಡಿದೆವು. ಕೀಮೋಥೆರಪಿ ಆರಂಭಿಸುವ ಪ್ರತಿಯೊಬ್ಬ ರೋಗಿಗೂ ಆ ಆಸ್ಪತ್ರೆಯವರು ಒಂಬತ್ತು ಕಿರು ವಿಡಿಯೊಗಳನ್ನು ಉಚಿತವಾಗಿ ಒದಗಿಸುತ್ತಾರೆ. ಫೈಲಿನ ಒಳಬದಿಗೆ ಅಂಟಿಸಿರುವ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಅವು ತೆರೆದುಕೊಳ್ಳುತ್ತವೆ. ವಾಟ್ಸ್ಆ್ಯಪ್‌ಗೂ ಲಿಂಕ್ ಬರುತ್ತದೆ. ಕೀಮೋ ಹಾಕಿ ಅದೇ ದಿನ ಮನೆಗೆ ಕಳಿಸುವ ಡೇಕೇರ್ ವಾರ್ಡಿನಲ್ಲಿ ಕೇಳಿದವರಿಗೆ ಟ್ಯಾಬ್ಲೆಟ್ಟನ್ನೂ ಕೈಗೆ ಕೊಡುತ್ತಾರೆ. ನಾನು ಈ ಒಂಬತ್ತನ್ನೂ ಕನ್ನಡದಲ್ಲಿ ಹಲವು ಬಾರಿ, ಇಂಗ್ಲಿಷಿನಲ್ಲಿ ಒಂದು ಬಾರಿ ನೋಡಿದ್ದೇನೆ. ಆಸ್ಪತ್ರೆಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಲ್ಲಿ ಹೇಳಲಿರುವ ಕೊರತೆಗಳು ಅದೊಂದೇ ಆಸ್ಪತ್ರೆಯವು ಎಂದು ನನಗೆ ಅನ್ನಿಸುವುದಿಲ್ಲ. ಅಲ್ಲದೆ ಅಲ್ಲಿನ ನರ್ಸುಗಳು ನಮ್ಮನ್ನು ನೋಡಿಕೊಂಡ ರೀತಿಗೆ ನಾವು ಋಣಿಗಳು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಿಡಿಯೊಗಳನ್ನು ಪ್ರತಿಯೊಂದು ಕುಟುಂಬವೂ ನೋಡಲೇಬೇಕು. ಅವುಗಳಲ್ಲಿ ಒಂದು ನಮ್ಮ ತಾಯಿಯ ಜೀವ ಉಳಿಸಿತು ಎಂದರೆ ಅತಿಶಯೋಕ್ತಿಯಾಗದು. ಆದರೆ ಇವನ್ನು ತಯಾರಿಸಿದವರ ಕಣ್ಣ ಮುಂದೆ ಇದ್ದದ್ದು ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತ ರೋಗಿಯೇ ಹೊರತು ಮನೆಗೆ ಮರಳಿದ ರೋಗಿಯಲ್ಲ. ಮೂರು ವಾರಕ್ಕೊಮ್ಮೆ ಕೊಡುವ ಕೀಮೋದಲ್ಲಿ ಆಸ್ಪತ್ರೆಯಲ್ಲಿ ಕಳೆಯುವುದು ಒಂದು ದಿನ. ಉಳಿದ 20 ದಿನ ಕಳೆಯುವುದು ಮನೆಯ ಅಡುಗೆಮನೆಯಲ್ಲಿ, ಬಚ್ಚಲಿನಲ್ಲಿ, ನೆಂಟರ ಮಾತುಗಳ ನಡುವೆ. ಆ 20 ದಿನಗಳ ಬಗ್ಗೆ ಕೊಟ್ಟಿರುವ ತಿಳಿವಳಿಕೆ ಸಾಲದು, ಅದರಲ್ಲೂ ಕನ್ನಡದಲ್ಲಿ.

ಚಿಕಿತ್ಸೆಯ ಕ್ರಮವನ್ನು ತಿಳಿಸದಿದ್ದರೆ ಮುಂದಿನದು ಅರ್ಥವಾಗುವುದು ಕಷ್ಟ. ತಾಯಿಗೆ ಮೊದಲ ನಾಲ್ಕು ಸೈಕಲ್‌ಗಳಲ್ಲಿ (ಸೈಕಲ್ ಎಂದರೆ ಕೀಮೋದ ಒಂದು ಸುತ್ತು) ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಎಂಬ ಎರಡು ಔಷಧಗಳನ್ನು 21 ದಿನಗಳಿಗೊಮ್ಮೆ ಕೊಟ್ಟರು. ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧವನ್ನು ವಾರಕ್ಕೊಮ್ಮೆಯಂತೆ 12 ವಾರ ಕೊಟ್ಟರು. ಸ್ತನ ಕ್ಯಾನ್ಸರಿಗೆ ಬಹಳ ಕಡೆ ಅನುಸರಿಸುವ ಕ್ರಮಗಳಲ್ಲಿ ಇದೂ ಒಂದು. ವಿಡಿಯೊಗಳು ಎಲ್ಲ ಬಗೆಯ ಕ್ಯಾನ್ಸರ್ ರೋಗಿಗಳಿಗೂ ಒಂದೇ ಆಗಿರುವುದರಿಂದ ನಮಗೆ ಸಂಬಂಧಪಡದ ಸಂಗತಿಗಳೂ ಅವುಗಳಲ್ಲಿದ್ದವು. ಅದನ್ನು ನಾನು ದೋಷವೆಂದು ಎಣಿಸುವುದಿಲ್ಲ.

ಮೊದಲನೆಯ ವಿಡಿಯೊ ಕೀಮೋ ಎಂದರೇನು ಎಂಬುದನ್ನು ವಿವರಿಸುತ್ತದೆ. ಬೇಗಬೇಗ ಬೆಳೆಯುವ ಜೀವಕೋಶಗಳ ಮೇಲೆ ಔಷಧ ಎರಗುತ್ತದೆ, ಕೂದಲಿನ ಬೇರು, ಬಾಯಿಯ ಒಳಪದರ, ಮೂಳೆಮಜ್ಜೆ ಇವುಗಳ ಕೋಶಗಳೂ ಬೇಗ ಬೆಳೆಯುವಂಥವೇ ಆದ್ದರಿಂದ ಅವಕ್ಕೂ ಪೆಟ್ಟು ಬೀಳುತ್ತದೆ ಎಂಬ ಮಾತನ್ನು ಚಿತ್ರಗಳ ಮೂಲಕ ಚೆನ್ನಾಗಿ ತೋರಿಸಿದ್ದಾರೆ. ಕೂದಲು ಉದುರುವುದು ಕಾಯಿಲೆ ಉಲ್ಬಣಿಸಿದ್ದರ ಲಕ್ಷಣವೆಂದು ತಿಳಿದಿದ್ದ ತಾಯಿಗೆ ಇದರಿಂದ ದೊಡ್ಡ ಸಮಾಧಾನ ಸಿಕ್ಕಿತು. ಕೂದಲಿನ ಬಗ್ಗೆಯೇ ಇರುವ ವಿಡಿಯೊ ಮತ್ತು ಮನಸ್ಸಿನ ಆರೋಗ್ಯದ ಕುರಿತ ಕೊನೆಯ ವಿಡಿಯೊ ಎರಡೂ ಮೃದುವಾಗಿವೆ, ಗೌರವದಿಂದ ಮಾತನಾಡುತ್ತವೆ. ಅವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ.

ಮೂರನೆಯ ವಿಡಿಯೊ ಮಾತ್ರ ನನ್ನ ಮಟ್ಟಿಗೆ ಈ ಸರಣಿಯ ಅತ್ಯುತ್ತಮ ಭಾಗ. ಕೀಮೋ ಹಾಕುವ ದಿನ ಏನೇನು ನಡೆಯುತ್ತದೆ ಎಂಬುದನ್ನು ಅದು ತೋರಿಸುತ್ತದೆ: ರಕ್ತಪರೀಕ್ಷೆ, ತೂಕ ನೋಡುವುದು, ವಾಂತಿ ತಡೆಯುವ ಔಷಧ, ಆಮೇಲೆ ಕೀಮೋ. ಡಾಕ್ಸೊರುಬಿಸಿನ್ ಕಡುಗೆಂಪು ಬಣ್ಣದ ಔಷಧ. ನಮ್ಮಲ್ಲಿ ನರ್ಸ್ ಅದನ್ನು ಸಿರಿಂಜಿನಲ್ಲಿ ತುಂಬಿಕೊಂಡು, ಓಡುತ್ತಿರುವ ಡ್ರಿಪ್ಪಿನ ಬದಿಯಿಂದ ನಿಧಾನವಾಗಿ, ಪಕ್ಕದಲ್ಲೇ ಕುಳಿತು ಒತ್ತುತ್ತಿದ್ದರು. ಅದು ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ, ಚರ್ಮ ಸುಟ್ಟಂತಾಗಿ ಹುಣ್ಣಾಗಬಹುದು. ಆದ್ದರಿಂದ ಸೂಜಿಯ ಜಾಗದಲ್ಲಿ ಸ್ವಲ್ಪ ಉರಿ, ನೋವು, ಊತ ಕಂಡರೂ ತಕ್ಷಣ ಹೇಳಬೇಕು. ಈ ಎಚ್ಚರಿಕೆಯನ್ನು ವಿಡಿಯೊದಲ್ಲಿ ಡಾಕ್ಟರ್ ಹೇಳುವುದಿಲ್ಲ. ಸೀರೆಯುಟ್ಟ, ಸುಮಾರು 60 ವರ್ಷದ ಹೆಂಗಸೊಬ್ಬರು ಕುರ್ಚಿಯಲ್ಲಿ ಕುಳಿತು, ಮುಖ ಸಣ್ಣಗೆ ಮಾಡಿಕೊಂಡು, "ಸಿಸ್ಟರ್, ಯಾಕೋ ಇಲ್ಲಿ ಉರೀತಿದೆ, ಸ್ವಲ್ಪ ನೋಡಿ" ಎನ್ನುತ್ತಾರೆ. ನರ್ಸ್ ಕೂಡಲೇ ಔಷಧ ನಿಲ್ಲಿಸಿ, "ಹೇಳಿದ್ದು ಒಳ್ಳೇದಾಯ್ತಮ್ಮ" ಎನ್ನುತ್ತಾರೆ. ಇಷ್ಟೇ ದೃಶ್ಯ.

ನಮ್ಮ ತಾಯಿ ಸಹಿಸಿಕೊಳ್ಳುವ ಪೈಕಿ. ಹಲ್ಲುನೋವನ್ನು ಲವಂಗ ಇಟ್ಟುಕೊಂಡು ತಿಂಗಳುಗಟ್ಟಲೆ ತಡೆದವರು, ಡಾಕ್ಟರ್ ಮುಂದೆ "ಏನೂ ತೊಂದರೆ ಇಲ್ಲ ಸಾರ್" ಎಂದೇ ಹೇಳುವವರು. ಮೊದಲ ಸೈಕಲ್‌ನ ದಿನ ಕೆಂಪು ಔಷಧ ಅರ್ಧ ಹೋಗುವ ಹೊತ್ತಿಗೆ ಅವರು ನನ್ನ ಕಡೆ ನೋಡಿದರು, ಆಮೇಲೆ ನರ್ಸಿನ ಕಡೆ ತಿರುಗಿ ಆ ವಿಡಿಯೊದ ಹೆಂಗಸಿನ ಮಾತನ್ನೇ ಹೆಚ್ಚು ಕಡಿಮೆ ಹಾಗೆಯೇ ಹೇಳಿದರು. ನರ್ಸ್ ಒತ್ತುವುದನ್ನು ನಿಲ್ಲಿಸಿ ಪರೀಕ್ಷಿಸಿ, ಔಷಧ ಸೋರಿಲ್ಲವೆಂದು ಖಚಿತಪಡಿಸಿಕೊಂಡರು. ಆದರೂ ನಾಳ ತೆಳುವಾಗಿದೆ ಎಂದು ಡಾಕ್ಟರಿಗೆ ತಿಳಿಸಿದ್ದರಿಂದ ಎರಡನೆಯ ಸೈಕಲ್‌ಗೆ ಮುಂಚೆ ಕತ್ತಿನ ಕೆಳಗೆ ಚರ್ಮದಡಿ ಕೀಮೋ ಪೋರ್ಟ್, ಅಂದರೆ ದೊಡ್ಡ ರಕ್ತನಾಳಕ್ಕೆ ನೇರವಾಗಿ ಔಷಧ ಹಾಕುವ ಪುಟ್ಟ ಸಾಧನ, ಇಟ್ಟರು. ನೋವನ್ನು ಹೇಳಿಕೊಳ್ಳುವುದು ತಪ್ಪಲ್ಲ ಎಂದು ನಾನು ಎಷ್ಟೋ ವರ್ಷಗಳಿಂದ ಹೇಳಿದ್ದೆ. ಅವರ ವಯಸ್ಸಿನ, ಅವರಂತೆಯೇ ಸೆರಗು ಹೊದ್ದ ಇನ್ನೊಬ್ಬ ಹೆಂಗಸು ತೋರಿಸಿಕೊಟ್ಟಾಗ ಮಾತ್ರ ಅದು ಅವರ ಮನಸ್ಸಿಗೆ ಇಳಿಯಿತು. ಡಾಕ್ಟರೊಬ್ಬರು ಕ್ಯಾಮೆರಾ ನೋಡುತ್ತ ಹತ್ತು ನಿಮಿಷ ಉಪನ್ಯಾಸ ಕೊಡುವ ವಿಡಿಯೊಗಳನ್ನು ಮಾಡುತ್ತಿರುವ ಬೇರೆ ಆಸ್ಪತ್ರೆಗಳವರು ಇದನ್ನು ಗಮನಿಸಲಿ ಎಂದು ನನ್ನ ಮನವಿ.

ಐದನೆಯ ವಿಡಿಯೊ ಜ್ವರದ ಬಗ್ಗೆ. ಕೀಮೋ ಆದ ಮೇಲೆ, ಸಾಮಾನ್ಯವಾಗಿ 7ರಿಂದ 14ನೆಯ ದಿನದ ನಡುವೆ, ರಕ್ತದಲ್ಲಿನ ಬಿಳಿ ಕಣಗಳು ತೀರ ಕಡಿಮೆಯಾಗುತ್ತವೆ. ಆ ದಿನಗಳಲ್ಲಿ ಸೋಂಕು ತಗುಲಿದರೆ ದೇಹಕ್ಕೆ ಎದುರಿಸುವ ಶಕ್ತಿ ಇರುವುದಿಲ್ಲ, ಕೀವು, ಊತ ಮೊದಲಾದ ಎಂದಿನ ಗುರುತುಗಳೂ ಕಾಣದೆ ಹೋಗಬಹುದು, ಜ್ವರವೊಂದೇ ಸೂಚನೆ. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು, ಕೇಳದೆ ಪ್ಯಾರಾಸಿಟಮಾಲ್ ನುಂಗಬಾರದು, ಏಕೆಂದರೆ ಅದು ಜ್ವರವನ್ನು ಇಳಿಸಿ ಅಪಾಯವನ್ನು ಮರೆಮಾಡುತ್ತದೆ. ಇಷ್ಟನ್ನೂ ಆ ವಿಡಿಯೊ ಐದು ನಿಮಿಷಗಳಲ್ಲಿ, 100.4 ಎಂಬ ಸಂಖ್ಯೆಯನ್ನು ಪರದೆಯ ತುಂಬ ಮೂರು ಸಲ ತೋರಿಸಿ ಹೇಳುತ್ತದೆ.

ಮೊದಲ ಸೈಕಲ್‌ನ 11ನೆಯ ದಿನ ನಾವು ಅರಸೀಕೆರೆ ಕಡೆಯ ನಮ್ಮ ಊರಿನಲ್ಲಿದ್ದೆವು. ರಾತ್ರಿ ಊಟದ ಹೊತ್ತಿಗೆ ತಾಯಿ ಚಳಿ ಎಂದು ಕಂಬಳಿ ಹೊದ್ದು ಮಲಗಿದರು. ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಜ್ವರದ ಮಾತ್ರೆ ತಂದುಕೊಟ್ಟು, "ಇದೊಂದು ನುಂಗಿ ಮಲಗಲಿ, ಬೆಳಿಗ್ಗೆ ನೋಡೋಣ" ಎಂದರು. ಬೇರೆ ಯಾವ ದಿನವಾದರೂ ನಾನೂ ಅದನ್ನೇ ಮಾಡುತ್ತಿದ್ದೆ. ಥರ್ಮಾಮೀಟರ್ 100.8 ತೋರಿಸಿದಾಗ ಪರದೆಯ ಮೇಲಿನ ಆ ಸಂಖ್ಯೆ ಕಣ್ಣ ಮುಂದೆ ಬಂತು. ಮಾತ್ರೆಯನ್ನು ಪಕ್ಕಕ್ಕಿಟ್ಟು ವಿಡಿಯೊದ ಕೊನೆಯಲ್ಲಿ ಕೊಟ್ಟಿದ್ದ ಸಹಾಯವಾಣಿಗೆ ಕರೆ ಮಾಡಿದೆ. ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ, ಮೂರನೆಯ ಸಲವೂ ಮಾಡಿದೆ. ಅದು ಡೇಕೇರ್ ವಾರ್ಡಿನ ನಂಬರ್ ಎಂದೂ, ಸಂಜೆ 5ಕ್ಕೆ ಆ ವಾರ್ಡಿಗೆ ಬೀಗ ಬೀಳುತ್ತದೆ ಎಂದೂ ನಮಗೆ ತಿಳಿದದ್ದು ಮರುದಿನ. ಬಿಲ್ಲಿನ ಹಿಂಬದಿಯಲ್ಲಿ ಹುಡುಕಿ ಆಸ್ಪತ್ರೆಯ ಮುಖ್ಯ ನಂಬರಿಗೆ ಕರೆ ಮಾಡಿ, ಅಲ್ಲಿಂದ ಡ್ಯೂಟಿ ಡಾಕ್ಟರನ್ನು ಹಿಡಿಯುವ ಹೊತ್ತಿಗೆ 40 ನಿಮಿಷ ಕಳೆದಿತ್ತು. ಬೆಂಗಳೂರಿಗೆ ಹೊರಡಬೇಡಿ, ಫೈಲು ಹಿಡಿದುಕೊಂಡು ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಕೀಮೋ ಆಗಿ 11 ದಿನ ಎಂಬುದನ್ನು ಬಾಗಿಲಲ್ಲೇ ಹೇಳಿ ಎಂದು ಅವರು ಸ್ಪಷ್ಟವಾಗಿ ತಿಳಿಸಿದರು. ಹಾಸನದಲ್ಲಿ ಅದೇ ರಾತ್ರಿ ಆ್ಯಂಟಿಬಯೋಟಿಕ್ ಡ್ರಿಪ್ ಶುರುವಾಯಿತು. ಬಿಳಿ ಕಣಗಳು ತೀರ ಇಳಿದುಹೋಗಿದ್ದವು. ನಾಲ್ಕು ದಿನ ಅಲ್ಲಿದ್ದು ಮನೆಗೆ ಬಂದೆವು. ಮುಂದಿನ ಸೈಕಲ್‌ಗಳಲ್ಲಿ ಕೀಮೋ ಆದ ಮರುದಿನ ಬಿಳಿ ಕಣಗಳನ್ನು ಹೆಚ್ಚಿಸುವ ಇಂಜೆಕ್ಷನ್ ಕೊಟ್ಟರು.

ಒಂದೇ ವಿಡಿಯೊದ ಬಗ್ಗೆ ನನಗೆ ಕೃತಜ್ಞತೆಯೂ ಇದೆ, ಅಸಮಾಧಾನವೂ ಇದೆ. "ತಡಮಾಡಬೇಡಿ" ಎಂದು ಅಷ್ಟು ಒತ್ತಿ ಹೇಳಿದವರು ರಾತ್ರಿಯಲ್ಲಿ ಎತ್ತುವ ನಂಬರನ್ನು ಕೊಡಬೇಕಿತ್ತು. ಬೆಂಗಳೂರಿನಿಂದ ದೂರವಿರುವವರು ಎಲ್ಲಿಗೆ ಹೋಗಬೇಕೆಂದು ಒಂದು ವಾಕ್ಯದಲ್ಲಾದರೂ ತಿಳಿಸಬೇಕಿತ್ತು. ಹೊರ ಜಿಲ್ಲೆಯಿಂದ ಬರುವವರೇ ಡೇಕೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವಂತೆ ಕಾಣುತ್ತದೆ. ನಾನು ಈ ವಿಷಯವನ್ನು ಬರೆದು ಕೊಟ್ಟೆ. ಎರಡನೆಯ ತಿಂಗಳಲ್ಲಿ ಫೈಲುಗಳ ಮೇಲೆ 24 ಗಂಟೆಯ ನಂಬರಿನ ಸ್ಟಿಕ್ಕರ್ ಬಂತು. ವಿಡಿಯೊದಲ್ಲಿ ಮಾತ್ರ ಈಗಲೂ ಹಳೆಯ ನಂಬರೇ ಇದೆ.

ಭಾಷೆಯ ವಿಚಾರಕ್ಕೆ ಬರುತ್ತೇನೆ. ಅದೇ ಐದನೆಯ ವಿಡಿಯೊದಲ್ಲಿ ಹಿನ್ನೆಲೆಯ ದನಿ "ನ್ಯೂಟ್ರೋಪೀನಿಯಾ ಎಂಬುದು ಶ್ವೇತ ರಕ್ತಕಣಗಳ ಸಂಖ್ಯೆಯಲ್ಲಿ ಉಂಟಾಗುವ ಕ್ಷೀಣತೆಯಾಗಿರುತ್ತದೆ" ಎಂದು ಶುರುಮಾಡುತ್ತದೆ. ತಾಯಿ ಅಲ್ಲಿಗೇ ಮೊಬೈಲನ್ನು ನನ್ನ ಕೈಗೆ ಕೊಟ್ಟು, "ನೀನೇ ನೋಡಿ ಹೇಳು" ಎಂದರು. ಆದರೆ ಎರಡನೆಯ ಸೈಕಲ್ ಹೊತ್ತಿಗೆ ಅವರಿಗೆ ಸಂಗತಿ ಪೂರ್ತಿ ತಿಳಿದಿತ್ತು, ಏಕೆಂದರೆ ಡೇಕೇರಿನ ಬೆಂಚಿನ ಮೇಲೆ ಕುಳಿತವರೆಲ್ಲ "ಕೌಂಟ್ ಬಂದಿಲ್ಲ, ಕೀಮೋ ಮುಂದಕ್ಕೆ ಹಾಕಿದರು", "ಕೌಂಟ್ ಇಳಿದಿದೆ, ಹೊರಗೆ ಹೋಗಬಾರದಂತೆ" ಎಂದು ಮಾತನಾಡಿಕೊಳ್ಳುತ್ತಾರೆ. ರಕ್ತಕಣಗಳ ಸಂಖ್ಯೆಗೆ ಹೇಳುವ ಕೌಂಟ್ ಎಂಬ ಪದವನ್ನು ಅಲ್ಲಿ ಎಲ್ಲರೂ ಬಲ್ಲರು. ರೇಡಿಯೇಷನ್ನಿಗೆ ಕರೆಂಟ್ ಕೊಡುವುದು ಎನ್ನುವುದನ್ನೂ ಬಲ್ಲರು. ಈ ಪದಗಳನ್ನು ಬಳಸಿ ಬರೆದಿದ್ದರೆ ವಿಡಿಯೊದ ಘನತೆಗೆ ಏನೂ ಕುಂದು ಬರುತ್ತಿರಲಿಲ್ಲ. ಜೊತೆಗೆ ಕನ್ನಡ ಎಂದರೆ ಒಂದೇ ಸೀಮೆಯ ಕನ್ನಡವಲ್ಲ. ನಮ್ಮ ಪಕ್ಕದ ಹಾಸಿಗೆಯಲ್ಲಿದ್ದ ರಾಯಚೂರು ಕಡೆಯ ತಾಯಿಯೊಬ್ಬರು ನೋವಿಗೆ ಬ್ಯಾನಿ ಎನ್ನುತ್ತಿದ್ದರು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಬೀದರಿನಿಂದ ಚಾಮರಾಜನಗರದವರೆಗಿನ ಜನ ಐದು ದಶಕಗಳಿಂದ ಬರುತ್ತಿದ್ದಾರೆ. ಕ್ಯಾನ್ಸರ್ ವಾರ್ಡುಗಳಲ್ಲಿ ಎಲ್ಲ ಸೀಮೆಯ ಕನ್ನಡವೂ ಕೇಳಿಸುತ್ತದೆ. ಉತ್ತರ ಕರ್ನಾಟಕದ ದನಿಯಲ್ಲಿ ಇದೇ ವಿಡಿಯೊಗಳ ಇನ್ನೊಂದು ಆವೃತ್ತಿ ಬೇಕು.

ಇದಕ್ಕಿಂತ ಗಂಭೀರವಾದ ದೋಷ ಬೇರೆ ಇದೆ. ಅಡ್ಡಪರಿಣಾಮಗಳ ಕುರಿತ ನಾಲ್ಕನೆಯ ವಿಡಿಯೊ ಇಂಗ್ಲಿಷಿನಲ್ಲಿ ಒಂಬತ್ತು ನಿಮಿಷ ಇದೆ, ಕನ್ನಡದಲ್ಲಿ ಆರು ನಿಮಿಷ. ಮೂರು ನಿಮಿಷ ಎಲ್ಲಿ ಹೋಯಿತೆಂದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಕೆಂಪು ಔಷಧ ಪಡೆದವರಿಗೆ ಒಂದೆರಡು ದಿನ ಮೂತ್ರ ಕೆಂಪಗೆ ಅಥವಾ ಕಿತ್ತಳೆ ಬಣ್ಣಕ್ಕೆ ಹೋಗಬಹುದು, ಅದು ಔಷಧದ ಬಣ್ಣ, ರಕ್ತವಲ್ಲ ಎಂಬ ಮಾತು ಇಂಗ್ಲಿಷಿನಲ್ಲಿ ಇದೆ, ಕನ್ನಡದಲ್ಲಿ ಇಲ್ಲ. ವಾಂತಿ ತಡೆಯಲು ಕೊಡುವ ಕೆಲವು ಮಾತ್ರೆಗಳಿಂದ ಮಲಬದ್ಧತೆ ಆಗುತ್ತದೆ ಎಂಬುದೂ ಕನ್ನಡದಲ್ಲಿ ಇಲ್ಲ. ಮೊದಲ ಸೈಕಲ್‌ನ ದಿನ ಸಂಜೆ ಬಚ್ಚಲಿನಿಂದ ಹೊರಬಂದ ತಾಯಿ ಗೋಡೆ ಹಿಡಿದು ನಿಂತಿದ್ದರು. "ರಕ್ತ ಹೋಗ್ತಾ ಇದೆ ಕಣೇ, ಒಳಗೆಲ್ಲ ಏನೋ ಆಗಿಹೋಗಿದೆ" ಎಂದರು. ಆ ರಾತ್ರಿ ಅವರು ನಿದ್ದೆ ಮಾಡಲಿಲ್ಲ, ನಾವೂ ಮಾಡಲಿಲ್ಲ. ಇಂಗ್ಲಿಷ್ ಬಲ್ಲವರಿಗೆ ಸಿಗುವ ಒಂದು ವಾಕ್ಯ ನಮಗೂ ಸಿಕ್ಕಿದ್ದರೆ ಸಾಕಾಗಿತ್ತು. ಅಂತರ್ಜಾಲದಲ್ಲಿ ಹುಡುಕಿ ತಿಳಿದುಕೊಳ್ಳಲು ಇಂಗ್ಲಿಷ್ ಓದುಗರಿಗೆ ನೂರು ದಾರಿಗಳಿವೆ. ಕನ್ನಡ ಮಾತ್ರ ಬಲ್ಲವರಿಗೆ ಇರುವುದು ಈ ವಿಡಿಯೊ ಒಂದೇ. ಮೊಟಕುಗೊಳಿಸಲೇಬೇಕಿದ್ದರೆ ಕನ್ನಡದ ಆವೃತ್ತಿಯನ್ನು ಬಿಟ್ಟು ಬೇರೆ ಯಾವುದನ್ನಾದರೂ ಮೊಟಕುಗೊಳಿಸಬೇಕಿತ್ತು.

ಮನೆಯಲ್ಲಿ ನೋಡಿಕೊಳ್ಳುವವರ ಸುರಕ್ಷತೆಯ ವಿಡಿಯೊ ಮುಖ್ಯವಾದದ್ದು, ಏಕೆಂದರೆ ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ. ಕೀಮೋ ಆದ ಮೇಲೆ ಸುಮಾರು 48 ಗಂಟೆ ರೋಗಿಯ ಮಲ, ಮೂತ್ರ, ವಾಂತಿಗಳಲ್ಲಿ ಔಷಧದ ಅಂಶ ಇರುತ್ತದೆ; ಸ್ವಚ್ಛ ಮಾಡುವವರು ಕೈಗವಸು ಹಾಕಿಕೊಳ್ಳಬೇಕು, ಗಲೀಜಾದ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು, ಗರ್ಭಿಣಿಯರು ಈ ಕೆಲಸದಿಂದ ದೂರವಿರಬೇಕು. ಇದೆಲ್ಲ ಸರಿ. ಆದರೆ ವಿಡಿಯೊದಲ್ಲಿ ತೋರಿಸುವುದು ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡುವ ಕಮೋಡು. ನಮ್ಮ ಊರಿನ ಮನೆಯಲ್ಲಿ ಇರುವುದು ಕುಕ್ಕರಗಾಲಿನಲ್ಲಿ ಕೂರುವ ಪಾಯಿಖಾನೆ. ಅದಕ್ಕೆ ಮುಚ್ಚಳವೂ ಇಲ್ಲ, ಫ್ಲಶ್ಶೂ ಇಲ್ಲ. ನಮ್ಮ ಚಿಕ್ಕಮ್ಮ ಇದನ್ನು ನೋಡಿ, "ನಮ್ಮಲ್ಲಿ ಹಾಗಿಲ್ಲವಲ್ಲ, ಹಾಗಾದರೆ ಇವಳನ್ನು ಊರಿಗೆ ಕರೆದುಕೊಂಡು ಹೋಗಬಾರದೇನೋ" ಎಂದು ನಿಜವಾಗಿಯೂ ಚಿಂತೆಗೆ ಬಿದ್ದರು. ಸಿಸ್ಟರ್ ಒಬ್ಬರನ್ನು ಕೇಳಿದಾಗ, ನೀರು ಸಿಡಿಯದ ಹಾಗೆ ಎರಡು ಸಲ ಬಕೆಟ್ ತುಂಬ ನೀರು ಸುರಿದು, ಆಮೇಲೆ ಕೈಯನ್ನು ಸೋಪಿನಿಂದ ತೊಳೆದುಕೊಂಡರೆ ಸಾಕು ಎಂದರು. ಅವರು ಹೇಳಿದ ಈ ಮಾತು ವಿಡಿಯೊದಲ್ಲಿದ್ದರೆ ಸಾವಿರಾರು ಮನೆಗಳಿಗೆ ಅನುಕೂಲವಾಗುತ್ತದೆ. ರೋಗಿಯನ್ನು ಮುಟ್ಟುವುದರಿಂದ, ಜೊತೆಯಲ್ಲಿ ಕುಳಿತು ಉಣ್ಣುವುದರಿಂದ ಏನೂ ಆಗುವುದಿಲ್ಲ ಎಂಬುದನ್ನು ಮಾತ್ರ ಅವರು ಬಹಳ ಚೆನ್ನಾಗಿ, ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಜ್ಜಿಯ ಚಿತ್ರದೊಂದಿಗೆ ಹೇಳಿದ್ದಾರೆ.

ಆಹಾರದ ವಿಡಿಯೊ ಈ ಸರಣಿಯಲ್ಲಿ ಅತ್ಯಂತ ದುರ್ಬಲ. ತೆರೆಯ ಮೇಲೆ ಓಟ್ಸ್, ಬ್ರೊಕೊಲಿ, ಬೆಣ್ಣೆಹಣ್ಣು ಬರುತ್ತವೆ. ರಾಗಿ ಬರುವುದಿಲ್ಲ, ಮೊಸರನ್ನ ಬರುವುದಿಲ್ಲ, ಬೇಳೆಕಟ್ಟು ಬರುವುದಿಲ್ಲ. ಬಾಯಿಹುಣ್ಣು ಎದ್ದಾಗ ನಮ್ಮ ತಾಯಿಗೆ ಇಳಿಯುತ್ತಿದ್ದದ್ದು ಆರಿದ ರಾಗಿ ಗಂಜಿ ಮತ್ತು ಒಗ್ಗರಣೆಯಿಲ್ಲದ, ಚೆನ್ನಾಗಿ ಕಿವುಚಿದ ಮೊಸರನ್ನ. ಮಜ್ಜಿಗೆಗೂ ಸಕ್ಕರೆ ಕಾಯಿಲೆಗೂ ಸಂಬಂಧಿಸಿದ ಪ್ರಶ್ನೆಗಳನ್ನು ನಾವೇ ಡಯಟೀಷಿಯನ್ನರ ಬಳಿ ಹೋಗಿ ಕೇಳಬೇಕಾಯಿತು.

ನಮ್ಮ ಕಡೆ ಆಪರೇಷನ್ ಆದವರಿಗೂ ದೊಡ್ಡ ಕಾಯಿಲೆಯವರಿಗೂ ಮೊದಲು ಹೇಳುವ ಮಾತೇ ನಂಜು. ಬದನೆಕಾಯಿ ನಂಜು, ಮೊಟ್ಟೆ ನಂಜು, ಮೀನು ನಂಜು, ಕೆಲವರಿಗೆ ತೊಗರಿಬೇಳೆಯೂ ನಂಜು. ಮನೆಗೆ ಬಂದ ನೆಂಟರಲ್ಲಿ ಒಬ್ಬರಾದರೂ ಈ ಮಾತು ಹೇಳದೆ ಹೋದದ್ದಿಲ್ಲ. ಕೀಮೋ ತೆಗೆದುಕೊಳ್ಳುವವರಿಗೆ ಪ್ರೋಟೀನ್ ಬಹಳ ಬೇಕು. ಚೆನ್ನಾಗಿ ಬೇಯಿಸಿದ ಮೊಟ್ಟೆ, ಬೇಳೆ, ಹಾಲು ಇವುಗಳನ್ನು ಬಿಡಿಸಿದರೆ ಆಗುವ ನಷ್ಟ ದೊಡ್ಡದು. ವಿಡಿಯೊ ಪ್ರೋಟೀನ್ ತಿನ್ನಿ ಎಂದು ಹೇಳುತ್ತದೆ, ನಂಜು ಎಂಬ ಪದವನ್ನು ಒಂದು ಸಲವೂ ಎತ್ತುವುದಿಲ್ಲ. ಆದ್ದರಿಂದ ಎರಡೂ ಮಾತುಗಳು ಮನೆಯಲ್ಲಿ ಒಂದರ ಪಕ್ಕ ಒಂದು ಹಾಗೆಯೇ ಉಳಿದುಕೊಳ್ಳುತ್ತವೆ, ಮತ್ತು ಗೆಲ್ಲುವುದು ಹಿರಿಯರ ಮಾತು. ಇದಕ್ಕೆ ವಿರುದ್ಧವಾಗಿ, ನಿಜವಾಗಿಯೂ ಬಿಡಬೇಕಾದ ಪದಾರ್ಥವನ್ನು ಯಾರೂ ಅನುಮಾನಿಸುವುದಿಲ್ಲ. ಹಸಿಯದನ್ನು ತಿನ್ನಬೇಡಿ ಎಂದು ವಿಡಿಯೊ ಹೇಳುವಾಗ ಹಸಿ ಮೀನಿನ ಚಿತ್ರ ತೋರಿಸುತ್ತದೆ. ನಮ್ಮಲ್ಲಿ ಹಸಿ ಮೀನನ್ನು ಯಾರು ತಿನ್ನುತ್ತಾರೆ? ನಾವು ತಿನ್ನುವುದು ರಾಮನವಮಿಯ ಕೋಸಂಬರಿ, ನೆನೆಸಿದ ಹಸಿ ಹೆಸರುಬೇಳೆ, ರಸ್ತೆ ಬದಿಯಲ್ಲಿ ಹೆಚ್ಚಿಟ್ಟ ಕಲ್ಲಂಗಡಿ, ದೇವಸ್ಥಾನದ ತೀರ್ಥ. ಕೌಂಟ್ ಇಳಿದ ದಿನಗಳಲ್ಲಿ ಎಚ್ಚರ ಬೇಕಾದದ್ದು ಇವುಗಳ ಬಗ್ಗೆ.

ಇನ್ನೊಂದು ಘಟನೆಯನ್ನು ಹೇಳಲೇಬೇಕು. ಮೊದಲ ವಿಡಿಯೊದಲ್ಲಿ ಕೀಮೋ ಔಷಧಗಳ ಮೂಲವನ್ನು ಹೇಳುವಾಗ, ವಿಂಕ್ರಿಸ್ಟಿನ್ ಎಂಬ ಔಷಧವನ್ನು ನಮ್ಮ ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪ ಗಿಡದಿಂದ ಪಡೆಯುತ್ತಾರೆ ಎಂದು, ಆ ಹೂವಿನ ಸುಂದರವಾದ ಚಿತ್ರದೊಂದಿಗೆ ತಿಳಿಸಿದ್ದಾರೆ. ಮಾತು ನಿಜ. ಕೀಮೋ ಎಂದರೆ ವಿಷ ಎಂಬ ಭಯವನ್ನು ಕಡಿಮೆ ಮಾಡುವುದು ಅವರ ಉದ್ದೇಶವಾಗಿರಬೇಕು. ಅದನ್ನು ನೋಡಿದ ಮರುದಿನ ಬೆಳಿಗ್ಗೆ ನಮ್ಮ ಚಿಕ್ಕಮ್ಮ ಹಿತ್ತಲಿನಿಂದ ಒಂದು ಬೊಗಸೆ ನಿತ್ಯಪುಷ್ಪದ ಎಲೆ ತಂದು ತೊಳೆದು, ಕಷಾಯಕ್ಕೆ ನೀರು ಇಟ್ಟಿದ್ದರು. "ಆಸ್ಪತ್ರೆಯವರೇ ಹೇಳಿದ್ದಾರಲ್ಲ" ಎಂಬುದು ಅವರ ಮಾತು. ಅವರ ಪ್ರೀತಿಯಲ್ಲಿ ಯಾವ ತಪ್ಪೂ ಇರಲಿಲ್ಲ, ತರ್ಕದಲ್ಲಿಯೂ ದೊಡ್ಡ ತಪ್ಪಿರಲಿಲ್ಲ. ವಿಂಕ್ರಿಸ್ಟಿನ್ ಎಷ್ಟು ತೀಕ್ಷ್ಣವಾದ ಔಷಧವೆಂದರೆ ವಯಸ್ಕರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರಿ ಕೊಡುವುದಿಲ್ಲ. ಎಲೆಯ ಕಷಾಯದಲ್ಲಿ ಏನು ಎಷ್ಟಿದೆ ಎಂದು ಅಳೆಯುವವರು ಯಾರು? ಒಲೆ ಆರಿಸಿ, ಎಲ್ಲವನ್ನೂ ವಿವರಿಸಿ ಹೇಳುವಷ್ಟರಲ್ಲಿ ನನಗೆ ಬೆವರಿಳಿದಿತ್ತು. ಚಿತ್ರ ಇರಲಿ, ಆದರೆ "ಗಿಡವನ್ನು ಮನೆಯಲ್ಲಿ ಔಷಧವಾಗಿ ಬಳಸಬೇಡಿ, ಅಮೃತಬಳ್ಳಿಯೂ ಸೇರಿ ಯಾವುದೇ ಕಷಾಯವನ್ನು ಡಾಕ್ಟರನ್ನು ಕೇಳದೆ ಕುಡಿಯಬೇಡಿ" ಎಂಬ ಮಾತು ಆ ಚಿತ್ರದ ಮೇಲೆಯೇ ಬರಬೇಕು. ಅಮೃತಬಳ್ಳಿಯಿಂದ ಕೆಲವರಿಗೆ ಯಕೃತ್ತಿಗೆ ಹಾನಿಯಾದದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಅನೇಕ ಕೀಮೋ ಔಷಧಗಳನ್ನು ಸಂಸ್ಕರಿಸಿ ಹೊರಹಾಕುವುದೂ ಅದೇ ಯಕೃತ್ತು.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು. ವಾಂತಿ ಮತ್ತು ಅಲರ್ಜಿ ತಡೆಯಲು ಕೀಮೋ ಜೊತೆಗೆ ಡೆಕ್ಸಮೆಥಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ; ಅದು ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಒಂಬತ್ತೂ ವಿಡಿಯೊಗಳಲ್ಲಿ ಇದರ ಪ್ರಸ್ತಾಪವಿಲ್ಲ. ನಮ್ಮ ಮನೆಯಲ್ಲಿ ಗ್ಲುಕೊಮೀಟರ್ ಇದ್ದದ್ದರಿಂದ ಗೊತ್ತಾಯಿತು.

ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದಾಗ ಎಂಟನೆಯ ವಿಡಿಯೊ ನೋಡಬೇಕು. ಅದನ್ನು ತೋರಿಸಿದ ಸಮಯ ತೀರ ತಪ್ಪು. ಈ ಔಷಧಕ್ಕೆ ಮುಂಚೆ ಅಲರ್ಜಿ ತಡೆಯುವ ಇಂಜೆಕ್ಷನ್ ಕೊಡುತ್ತಾರೆ, ಅದರಿಂದ ಕಣ್ಣು ಎಳೆಯುತ್ತದೆ. ಆ ಇಂಜೆಕ್ಷನ್ ಆಗಿ ಹತ್ತು ನಿಮಿಷಕ್ಕೆ ಟ್ಯಾಬ್ಲೆಟ್ ತಂದು ಕೈಗೆ ಕೊಟ್ಟರು. ತಾಯಿ ಅದನ್ನು ಎದೆಯ ಮೇಲೆ ಇಟ್ಟುಕೊಂಡೇ ನಿದ್ದೆ ಹೋದರು, ವಿಡಿಯೊ ತನ್ನ ಪಾಡಿಗೆ ಓಡಿ ಮುಗಿಯಿತು. ನಾನು ಮನೆಯಲ್ಲಿ ಮತ್ತೆ ಹಾಕಿ ತೋರಿಸಿದೆ. ಬೆರಳ ತುದಿಗಳು ಜೋಮು ಹಿಡಿದಂತಾಗುವುದು, ಮರಗಟ್ಟುವುದು ಈ ಔಷಧದ ಮುಖ್ಯ ತೊಂದರೆ. ಬೇಗ ಹೇಳಿದರೆ ಡಾಕ್ಟರ್ ಪ್ರಮಾಣವನ್ನು ತಗ್ಗಿಸಬಹುದು, ತಡವಾದರೆ ಅದು ಬಹುಕಾಲ ಉಳಿಯಬಹುದು. ಇದನ್ನು ಗುರುತಿಸಲು ವಿಡಿಯೊ ಕೇಳುವ ಪ್ರಶ್ನೆ: "ಅಂಗಿಯ ಗುಂಡಿ ಹಾಕಲು ಕಷ್ಟವಾಗುತ್ತಿದೆಯೇ?" ತಾಯಿ ಇಲ್ಲ ಎಂದರು. ಅವರು ಗುಂಡಿಯ ಅಂಗಿ ತೊಡುವುದಿಲ್ಲ, ರವಿಕೆಗೆ ಇರುವುದು ಹುಕ್ಕು, ಅದನ್ನು ಆ ದಿನಗಳಲ್ಲಿ ನಾನೇ ಹಾಕುತ್ತಿದ್ದೆ.

ಏಳನೆಯ ವಾರದ ಒಂದು ಸಂಜೆ ಅವರು ಜಗಲಿಯಲ್ಲಿ ಕುಳಿತು ಪೂಜೆಗೆ ಕನಕಾಂಬರ ಕಟ್ಟುತ್ತಿದ್ದರು. ಮಾತನಾಡುತ್ತ, ಕೈಯನ್ನು ನೋಡದೆಯೇ ಮೊಳಗಟ್ಟಲೆ ಕಟ್ಟುವವರು. ಅಂದು ದಾರದ ಸುತ್ತು ಜಾರಿ ಹೂಗಳು ಮಡಿಲಿಗೆ ಬಿದ್ದವು. ಮತ್ತೆ ಎತ್ತಿ ಕಟ್ಟಿದರು, ಮತ್ತೆ ಜಾರಿತು. ಅವರು ದಾರವನ್ನು ಬಾಳೆನಾರಿಗೆ ಬದಲಾಯಿಸಿ ನೋಡಿದರು. "ಬೆರಳಿಗೆ ದಾರ ಸಿಕ್ಕಿದ್ದೇ ಗೊತ್ತಾಗ್ತಿಲ್ಲ" ಎಂದಾಗ ನನಗೆ ಎಂಟನೆಯ ವಿಡಿಯೊದ ಪ್ರಶ್ನೆಯ ಅರ್ಥವಾಯಿತು. ಮರುವಾರ ಡಾಕ್ಟರಿಗೆ ತಿಳಿಸಿದೆವು, ಅವರು ಪ್ರಮಾಣವನ್ನು ಕಡಿಮೆ ಮಾಡಿದರು. ಹೂ ಕಟ್ಟುವುದು, ರಂಗೋಲಿ ಎಳೆಯುವುದು, ಬತ್ತಿ ಹೊಸೆಯುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು ಇವುಗಳಲ್ಲಿ ಯಾವುದನ್ನಾದರೂ ಕೇಳಿದ್ದರೆ ನಮ್ಮ ತಾಯಿ ಎರಡು ವಾರ ಮುಂಚೆಯೇ ಹೌದು ಎನ್ನುತ್ತಿದ್ದರೇನೋ. ಪ್ರಶ್ನೆಗಳನ್ನು ಬರೆಯುವಾಗ ಒಬ್ಬ ಹಿರಿಯ ಹೆಂಗಸನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ ಎಂದು ನಾನು ಬರೆದುಕೊಟ್ಟ ಪತ್ರದಲ್ಲಿ ಕೇಳಿಕೊಂಡಿದ್ದೇನೆ.

ಸೇವೆಯ ನಿರ್ವಹಣೆಯ ಬಗ್ಗೆ. ಮೊದಲ ದಿನ ವಿಡಿಯೊ ಮುಗಿದ ಮೇಲೆ ಹಿರಿಯ ಸಿಸ್ಟರ್ ಒಬ್ಬರು ಸ್ಟೂಲ್ ಎಳೆದುಕೊಂಡು ಕುಳಿತು, "ಈಗ ನೀವು ನನಗೆ ಹೇಳಿ ಅಮ್ಮ, ಜ್ವರ ಬಂದರೆ ಏನು ಮಾಡ್ತೀರಿ?" ಎಂದು ಕೇಳಿದರು. ತಾಯಿ ತಡವರಿಸಿದಾಗ ಮತ್ತೆ ವಿವರಿಸಿ, ಮತ್ತೆ ಕೇಳಿದರು. ಕೇಳಿದ್ದನ್ನು ರೋಗಿಯ ಬಾಯಿಂದಲೇ ಹೇಳಿಸುವ ಈ ಕ್ರಮ ನರ್ಸಿಂಗ್ ಶಿಕ್ಷಣದಲ್ಲಿ ಚೆನ್ನಾಗಿ ಪರಿಚಿತವಾದದ್ದು, ಮತ್ತು ನಮ್ಮ ಅನುಭವದಲ್ಲಿ ವಿಡಿಯೊಗೆ ಅರ್ಥ ಬಂದದ್ದೇ ಅಲ್ಲಿ. ನಂತರದ ಸೈಕಲ್‌ಗಳಲ್ಲಿ ಆ ಸ್ಟೂಲ್ ಬರಲಿಲ್ಲ. "ವಿಡಿಯೊ ನೋಡಿದ್ದೇನೆ, ಅರ್ಥವಾಗಿದೆ" ಎಂಬ ಅಚ್ಚಾದ ಹಾಳೆ ಬಂತು, ಸಹಿ ಮಾಡಿ ಕೊಟ್ಟೆವು. ಎಂಟನೆಯ ವಿಡಿಯೊಗೆ ತಾಯಿ ನಿದ್ದೆಯಲ್ಲಿದ್ದಾಗ ನಾನು ಸಹಿ ಮಾಡಿದೆ, ಅದು ನನ್ನದೂ ತಪ್ಪು. ವಾರ್ಡಿನಲ್ಲಿ ನರ್ಸುಗಳಿಗೆ ಉಸಿರಾಡಲು ಬಿಡುವಿರಲಿಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ವಿಡಿಯೊ ಬಂದದ್ದರಿಂದ ಉಳಿದ ಸಮಯವನ್ನು ರೋಗಿಯ ಜೊತೆ ಕೂರಲು ಬಳಸಬೇಕೇ ಹೊರತು ಕೂರುವುದನ್ನೇ ಬಿಡಬಾರದು.

ವಿಡಿಯೊಗಳನ್ನು ಇಳಿಸಿಟ್ಟುಕೊಳ್ಳಲು ಆಗುವುದಿಲ್ಲ, ನೆಟ್‌ವರ್ಕ್ ಇದ್ದರೆ ಮಾತ್ರ ನೋಡಬಹುದು. ನಮ್ಮ ಊರಿನಲ್ಲಿ ತೆಂಗಿನ ತೋಟದ ಏರಿ ಹತ್ತಿದರೆ ಸಿಗ್ನಲ್ ಸಿಗುತ್ತದೆ, ಮನೆಯೊಳಗೆ ಸಿಗುವುದಿಲ್ಲ. ಸಾದಾ ಮೊಬೈಲ್ ಇರುವವರಿಗೆ ಬರೀ ಧ್ವನಿಯಾದರೂ ಕೇಳುವ ವ್ಯವಸ್ಥೆ ಬೇಕು.

ಐದಕ್ಕೆ ಎಷ್ಟು ಅಂಕ ಎಂದು ಕೇಳಿದರೆ ಇಂಗ್ಲಿಷ್ ಆವೃತ್ತಿಗೆ ನಾಲ್ಕು, ಕನ್ನಡದ್ದಕ್ಕೆ ಮೂರು ಕೊಡುತ್ತೇನೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ವಿಡಿಯೊಗಳನ್ನು ಕೊಟ್ಟಿದ್ದರೆ ಒಂದೇ ದಿನ ಒಂಬತ್ತನ್ನೂ ನೋಡಬೇಡಿ. ಕೀಮೋಗೆ ಎರಡು ದಿನ ಮುಂಚೆ ಮೂರನೆಯದನ್ನು ರೋಗಿಯ ಜೊತೆ ಕುಳಿತು ನೋಡಿ. ಜ್ವರದ ವಿಡಿಯೊವನ್ನು ರಾತ್ರಿ ಮನೆಯಲ್ಲಿ ಮಲಗುವ ಪ್ರತಿಯೊಬ್ಬರೂ ನೋಡಲಿ. ಅದರಲ್ಲಿ ಕೊಟ್ಟಿರುವ ನಂಬರಿಗೆ ಒಂದು ರಾತ್ರಿ 9ರ ಮೇಲೆ ಕರೆ ಮಾಡಿ, ಯಾರಾದರೂ ಎತ್ತುತ್ತಾರೆಯೇ ಎಂದು ಈಗಲೇ ಪರೀಕ್ಷಿಸಿ; ಎತ್ತದಿದ್ದರೆ ರಾತ್ರಿಯ ನಂಬರನ್ನು ಕೇಳಿ ಪಡೆದು, ನಿಮ್ಮ ಊರಿಗೆ ಹತ್ತಿರದ ದೊಡ್ಡ ಆಸ್ಪತ್ರೆಯ ಹೆಸರಿನೊಂದಿಗೆ ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ. ಡಿಜಿಟಲ್ ಥರ್ಮಾಮೀಟರನ್ನು ಮೊದಲ ಕೀಮೋ ಮುಗಿಸಿ ಊರಿಗೆ ಹೊರಡುವ ಮುಂಚೆಯೇ ಕೊಂಡು, ಅದರ ಸೆಲ್ ಸರಿಯಾಗಿದೆಯೇ ಎಂದು ನೋಡಿ ಚೀಲಕ್ಕೆ ಹಾಕಿಕೊಳ್ಳಿ.